ಹಳೆ ಕಾರಿನ ಜಿಡ್ಡಿಗೆ ಡ್ರೈ ಐಸ್ ಏಟು

ಡ್ರೈ ಐಸ್ ಬ್ಲಾಸ್ಟಿಂಗ್ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡಿನ ಕಾಳುಗಳನ್ನು ಒತ್ತಡದ ಗಾಳಿಯ ಜೊತೆ ಹಾಯಿಸಿ, ಕೊಳೆ ಹಿಡಿದ ಜಾಗಕ್ಕೆ ರಭಸದಿಂದ ಹೊಡೆದು ಶುಚಿ ಮಾಡುವ ವಿಧಾನ. ಟೈರಿನ ಅಚ್ಚು, ಮುದ್ರಣ ಯಂತ್ರ, ಬೇಕರಿಯ ಓವನ್ ಮುಂತಾದವನ್ನು ಬಿಚ್ಚದೆ ತೊಳೆಯಲು ಕಾರ್ಖಾನೆಗಳು ಇದನ್ನು ಮೊದಲಿನಿಂದಲೂ ಬಳಸುತ್ತ ಬಂದಿವೆ. ಹಳೆಯ ಕಾರನ್ನು ಕೊಂಡು, ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸುವವರ ಗ್ಯಾರೇಜಿಗೆ ಅದು ಬಂದದ್ದು ಈಚೆಗೆ. ಅಮೆರಿಕ ಮತ್ತು ಯುರೋಪಿನಲ್ಲಿ ಪೋರ್ಷೆ 911ರಂಥ ಬೆಲೆಬಾಳುವ ಹಳೆಯ ಕಾರುಗಳ ತಳಭಾಗವನ್ನು ಹೀಗೆ ಶುಚಿ ಮಾಡಿಸುವುದು ಈಗ ಮಾಮೂಲು.

ಡ್ರೈ ಐಸ್ ನಮಗೆ ಅಪರಿಚಿತವೇನಲ್ಲ. ಮದುವೆ ಮಂಟಪದಲ್ಲಿ ವಧೂವರರ ಕಾಲಬುಡದಲ್ಲಿ ಹರಿಯುವ ಬಿಳಿ ಹೊಗೆಯ ಹಿಂದೆ ಹೆಚ್ಚಾಗಿ ಇರುವುದು ಅದೇ. ಅದರ ಉಷ್ಣಾಂಶ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಅದು ಕರಗಿ ನೀರಾಗುವುದಿಲ್ಲ. ಡಬ್ಬಿಯಲ್ಲಿಟ್ಟ ಕರ್ಪೂರ ತಾನೇ ಸವೆದುಹೋಗುವಂತೆ ನೇರವಾಗಿ ಅನಿಲವಾಗುತ್ತದೆ. ವಿಜ್ಞಾನದ ಪಾಠದಲ್ಲಿ ಉತ್ಪತನ ಎಂದು ಓದಿದ್ದು ಇದನ್ನೇ. ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿ ನಿಲ್ಲಬೇಕಾದರೆ ವಾತಾವರಣದ ಐದು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಅಂಥ ಒತ್ತಡದಲ್ಲಿಟ್ಟ ದ್ರವವನ್ನು ಒಮ್ಮೆಲೇ ಬಿಟ್ಟಾಗ ಒಂದು ಪಾಲು ಅನಿಲವಾಗಿ ಹಾರಿ, ಉಳಿದದ್ದು ಹಿಮದ ಹುಡಿಯಾಗುತ್ತದೆ. ಆ ಹುಡಿಯನ್ನು ಜರಡಿಯಂಥ ಅಚ್ಚಿನ ಮೂಲಕ ಒತ್ತಿದರೆ ಸುಮಾರು 3 ಮಿಲಿಮೀಟರ್ ದಪ್ಪದ ಪೆಲೆಟ್‌ಗಳು ಸಿಗುತ್ತವೆ. ಕೆಲವು ಯಂತ್ರಗಳು ಇಟ್ಟಿಗೆಯಾಕಾರದ ಡ್ರೈ ಐಸನ್ನೇ ಹೆರೆದು, ಸಕ್ಕರೆಯಷ್ಟು ಸಣ್ಣ ಹರಳು ಮಾಡಿ ಹಾರಿಸುತ್ತವೆ. ನಯವಾದ ಭಾಗಗಳಿಗೆ ಅವೇ ಲೇಸು.

ಕಾಳು ಕೊಳೆಯನ್ನು ಕೀಳುವುದು ಮೂರು ಬಗೆಯಲ್ಲಿ. ಮೊದಲನೆಯದು ಬರೀ ಪೆಟ್ಟು. ಎರಡನೆಯದು ಚಳಿ: ಗ್ರೀಸು, ಮೇಣ, ಡಾಂಬರಿನಂಥ ಜಿಡ್ಡು ಪದಾರ್ಥಗಳು ಆ ಶೀತಕ್ಕೆ ಮೆದುತನ ಕಳೆದುಕೊಂಡು ಪೆಡಸಾಗುತ್ತವೆ. ಜಿಡ್ಡು ಮತ್ತು ಅದರಡಿಯ ಲೋಹ ಕುಗ್ಗುವ ಪ್ರಮಾಣ ಬೇರೆಬೇರೆ, ಹಾಗಾಗಿ ನಡುವೆ ಬಿರುಕು ಬಿಡುತ್ತದೆ. ಮೂರನೆಯದು, ಆ ಬಿರುಕಿಗೆ ನುಗ್ಗಿದ ಕಾಳು ಕ್ಷಣದಲ್ಲೇ ಅನಿಲವಾಗಿ ನೂರಾರು ಪಟ್ಟು ಹಿಗ್ಗುವುದು. ಆಗ ಮೇಲಿನ ಪದರ ಒಳಗಿನಿಂದಲೇ ಎದ್ದು ಬರುತ್ತದೆ. ಮರಳು ಬರೀ ಪೆಟ್ಟಿನಿಂದ ಕೆರೆಯುತ್ತದೆ, ಡ್ರೈ ಐಸ್ ಕೊಳೆಯ ಹಿಡಿತವನ್ನೇ ಬಿಡಿಸುತ್ತದೆ. ಅದರ ಗಡಸುತನ ಜಿಪ್ಸಮ್ಮಿಗಿಂತ ಹೆಚ್ಚೇನಿಲ್ಲ. ಉಕ್ಕು, ಅಲ್ಯೂಮಿನಿಯಂ, ಚೆನ್ನಾಗಿ ಕೂತಿರುವ ಕಾರ್ಖಾನೆಯ ಬಣ್ಣ ಇವ್ಯಾವುದನ್ನೂ ಅದು ಗೀರುವುದಿಲ್ಲ.

ಘನರೂಪದ ಇಂಗಾಲದ ಡೈಆಕ್ಸೈಡನ್ನು ಫ್ರಾನ್ಸಿನ ಥಿಲೋರಿಯೇ 1835ರಲ್ಲೇ ವರ್ಣಿಸಿದ್ದ. ಅದನ್ನು ಮರಳಿನ ಬದಲು ಹಾರಿಸುವ ಉಪಾಯಕ್ಕೆ ಅಮೆರಿಕದ ಲಾಕ್‌ಹೀಡ್ ವಿಮಾನ ಕಂಪನಿಯ ಕ್ಯಾಲ್ವಿನ್ ಫಾಂಗ್ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿದ್ದು 1977ರಲ್ಲಿ. ಮಾರುಕಟ್ಟೆಗೆ ಯಂತ್ರಗಳು ಬಂದದ್ದು 1980ರ ದಶಕದಲ್ಲಿ.

ಈ ವಿಧಾನದ ಗುಣ ಚೆನ್ನಾಗಿ ಕಾಣುವುದು ಗಾಳಿಯಿಂದ ತಣಿಯುವ ಎಂಜಿನ್ನಿನ ಪೋರ್ಷೆ 911ರಲ್ಲಿ. 1963ರಲ್ಲಿ ಮೊದಲು ಪ್ರದರ್ಶನಗೊಂಡ ಈ ಕಾರಿಗೆ 1998ರವರೆಗೂ ಅಂಥ ಎಂಜಿನ್ನೇ ಇತ್ತು. ಎಂಜಿನ್ ಹಿಂದುಗಡೆ ಇರುವುದರಿಂದ ಅದರಿಂದ ಜಿನುಗಿದ ಎಣ್ಣೆ ಹಿಂಬದಿಯ ತಳಕ್ಕೆ ಹರಡಿ, ರಸ್ತೆಯ ಧೂಳನ್ನು ಹಿಡಿದು, ವರ್ಷಗಟ್ಟಲೆಯಲ್ಲಿ ಕಪ್ಪು ಅಂಟಾಗಿ ಗಟ್ಟಿಯಾಗುತ್ತದೆ. ಇದರ ಜೊತೆಗೆ ತುಕ್ಕು ತಡೆಯಲೆಂದು ಬಳಿದ ಮೇಣ, ಚಕ್ರದ ಕಮಾನಿನೊಳಗೆ ಜಲ್ಲಿಯೇಟು ತಡೆಯಲು ಹಚ್ಚಿದ ರಬ್ಬರಿನಂಥ ಲೇಪ. ನಮ್ಮ ಕಡೆ ಗ್ಯಾರೇಜಿನಲ್ಲಾದರೆ ಇದಕ್ಕೆ ಮದ್ದು ಡೀಸೆಲ್ಲು ಅಥವಾ ಸೀಮೆಎಣ್ಣೆ, ವೈರ್ ಬ್ರಶ್ಶು, ಕೊನೆಗೊಂದು ವಾಟರ್ ಸರ್ವಿಸ್. ಕೆಲಸವೇನೋ ಆಗುತ್ತದೆ. ಆದರೆ ನೀರು ತಗಡಿನ ಜೋಡಣೆಯೊಳಗೆ ಇಳಿದು ಕೂರುತ್ತದೆ, ವೈರ್ ಬ್ರಶ್ಶು ಕೊಳೆಯ ಜೊತೆಗೆ ಇನ್ನೂ ಏನೇನನ್ನೋ ಕೀಳುತ್ತದೆ.

ಆ ‘ಏನೇನೋ’ ಎಂಬುದರ ಬೆಲೆ ಸಂಗ್ರಾಹಕರಿಗೆ ಗೊತ್ತು. ಲಿಫ್ಟಿನ ಮೇಲೇರಿಸಿದ ಕಾರಿನ ಚಕ್ರದ ಕಮಾನಿಗೆ ನಾಜಲ್ ಓರೆಯಾಗಿ ಹಿಡಿದಾಗ ಕಪ್ಪು ಜಿಡ್ಡು ಚೂರುಚೂರಾಗಿ ಉದುರಿ, ಕೆಳಗಿನಿಂದ ಕಾರಿನ ಮೈಬಣ್ಣ ಹೊರಬರುತ್ತದೆ. ಕಾರ್ಖಾನೆಯಲ್ಲಿ ಮೈಗೆ ಬಣ್ಣ ಹೊಡೆಯುವಾಗ ತಳಕ್ಕೂ ಚಿಮ್ಮಿದ ತುಂತುರಿನ ಗುರುತು ಹಾಗೆಯೇ ಉಳಿದಿರುತ್ತದೆ. ಬೋಲ್ಟುಗಳ ಮೇಲಿನ ಹಳದಿ ಮಿನುಗಿನ ಲೋಹಲೇಪ, ಬಿಗಿ ಪರೀಕ್ಷಿಸಿದವನು ಇಟ್ಟ ಬಣ್ಣದ ಬೊಟ್ಟು, ಬಿಡಿಭಾಗಗಳ ಮೇಲಿನ ಅಚ್ಚಿನ ಅಂಕಿಗಳೂ ಕಾಣಿಸಿಕೊಳ್ಳುತ್ತವೆ. ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇದೆ ಎಂಬುದಕ್ಕೆ ಇವು ಸಾಕ್ಷಿ. ಒಮ್ಮೆ ಮರಳಿನಿಂದ ಉಜ್ಜಿಹೋದರೆ ಯಾವ ಹೊಸ ಬಣ್ಣವೂ ಅವನ್ನು ತಂದುಕೊಡಲಾರದು. 1976ರ ಮಾದರಿಯಿಂದ 911ರ ಮೈಯನ್ನು ಸತು ಲೇಪಿಸಿದ ಉಕ್ಕಿನ ತಗಡಿನಲ್ಲಿ ಮಾಡಲಾಯಿತು. ಮರಳು ಆ ಸತುವನ್ನೇ ತಿಂದುಬಿಡುತ್ತದೆ, ಡ್ರೈ ಐಸ್ ಅದರ ತಂಟೆಗೆ ಹೋಗುವುದಿಲ್ಲ.

ಇದೇ ಗುಣ ಇದರ ಮಿತಿಯೂ ಹೌದು. ಡ್ರೈ ಐಸಿನಿಂದ ತುಕ್ಕು ಹೋಗುವುದಿಲ್ಲ. ಮೇಲೆದ್ದ ಹಕ್ಕಳೆ ಉದುರಬಹುದು. ಲೋಹಕ್ಕೆ ಅಂಟಿಕೊಂಡ ತುಕ್ಕು ಅಲ್ಲೇ ಇರುತ್ತದೆ. ಗಟ್ಟಿಯಾಗಿ ಕೂತ ಬಣ್ಣ, ಪ್ರೈಮರ್, ಚೆನ್ನಾಗಿ ಹಿಡಿದ ಪುಟ್ಟಿ ಇವೂ ಅಷ್ಟೆ. ಬಣ್ಣ ಪೂರ್ತಿ ತೆಗೆದು ಬರಿ ತಗಡು ಮಾಡಿಕೊಳ್ಳಬೇಕು ಎನ್ನುವವರು ಇದಕ್ಕೆ ದುಡ್ಡು ಸುರಿಯುವುದು ದಂಡ. ಆದರೆ ತುಕ್ಕು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಲೇಪ ಎದ್ದುಹೋದ ಮೇಲೆ ಹಳೆಯ ವೆಲ್ಡಿಂಗಿನ ತೇಪೆ, ಅಪಘಾತದ ನಂತರ ಟಿಂಕರಿಂಗ್ ಮಾಡಿ ಮುಚ್ಚಿಟ್ಟ ಮಡಿಕೆ, ಜಾಕ್ ಕೊಡುವ ಜಾಗದ ತೂತು ಎಲ್ಲವೂ ಬಯಲಾಗುತ್ತವೆ. ಒಳ್ಳೆಯ ಕಾರು ಎಂದು ನಂಬಿ ತಂದವರಿಗೆ ಕೆಲವೊಮ್ಮೆ ಇಲ್ಲೇ ಮೊದಲ ಆಘಾತ.

ತುಕ್ಕನ್ನೂ ತೆಗೆಯಬೇಕಾದ ಜಾಗಕ್ಕೆ ಮರಳು ಅಥವಾ ಅದರಂಥ ಗಟ್ಟಿ ಹುಡಿಯೇ ಬೇಕು. ದಪ್ಪ ಉಕ್ಕಿನ ಚಾಸಿಗೆ ಅದು ಸರಿ; ಬಾನೆಟ್, ಬಾಗಿಲಿನಂಥ ತೆಳು ತಗಡಿಗೆ ಹೊಡೆದರೆ ತಗಡು ಹಿಗ್ಗಿ ಅಲೆಯಲೆಯಾಗುತ್ತದೆ. ಮರಳಿನ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳುಮಾಡುವ ಸಿಲಿಕೋಸಿಸ್ ರೋಗಕ್ಕೂ ಕಾರಣ. ಮರಳಿನ ಬದಲು ಹೊಡೆಯುವ ಅಡುಗೆ ಸೋಡಾ ತಗಡಿಗೆ ಮೃದುವಾದರೂ ಅದರ ಪುಡಿ ಸಂದುಗಳಲ್ಲಿ ಉಳಿದರೆ ಮುಂದೆ ಹೊಡೆಯುವ ಬಣ್ಣ ಹಿಡಿಯುವುದಿಲ್ಲ. ಇವೆರಡರಲ್ಲೂ ಹೊಡೆದ ಪುಡಿಯನ್ನು ಗುಡಿಸುವುದೇ ಇನ್ನೊಂದು ಕೆಲಸ. ಡ್ರೈ ಐಸಿನಲ್ಲಿ ಆ ಗೋಜಿಲ್ಲ, ಎಂಜಿನ್ನಿನ ಸುತ್ತ ಅದನ್ನು ಬಳಸುವುದು ಇದೇ ಕಾರಣಕ್ಕೆ. ಹಾಗೆಂದು ಗ್ಯಾರೇಜು ಶುಭ್ರವಾಗಿರುತ್ತದೆ ಎಂದುಕೊಳ್ಳಬಾರದು. ಐಸು ಮಾಯವಾದರೂ ಕಿತ್ತ ಜಿಡ್ಡು ಗೋಡೆ, ಸೂರು, ಕೆಲಸಗಾರನ ಮೈ ಎಲ್ಲಕ್ಕೂ ಸಿಡಿಯುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ತಳಲೇಪದಲ್ಲಿ ಕಲ್ನಾರು ಇದ್ದಿರಬಹುದು. ಅಂಥ ಧೂಳಿಗೆ ತಕ್ಕ ಮಾಸ್ಕ್ ಬೇಕೇಬೇಕು.

ಯಂತ್ರದಲ್ಲಿ ಐಸು ತುಂಬುವ ತೊಟ್ಟಿ, ಅದನ್ನು ಅಳತೆಯಲ್ಲಿ ಬಿಡುವ ವ್ಯವಸ್ಥೆ, ಕೊಳವೆ, ನಾಜಲ್ ಇಷ್ಟೇ ಇರುತ್ತವೆ. ನಿಜವಾದ ತಲೆನೋವು ಕಂಪ್ರೆಸರಿನದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇಲ್ಲಿ ನಡೆಯುವುದಿಲ್ಲ. ಒತ್ತಡಕ್ಕಿಂತ ಹೆಚ್ಚಾಗಿ, ಎಡೆಬಿಡದೆ ಸಾಕಷ್ಟು ಗಾಳಿ ಕೊಡುವ ತಾಕತ್ತು ಮುಖ್ಯ. ಆ ಗಾಳಿ ಒಣಗಿರಬೇಕು. ತೇವವಿದ್ದರೆ ಕೊಳವೆಯಲ್ಲೇ ಹೆಪ್ಪುಗಟ್ಟಿ, ಕಾಳುಗಳು ಮುದ್ದೆಯಾಗಿ ನಾಜಲ್ ಕಟ್ಟಿಕೊಳ್ಳುತ್ತದೆ. ಐಸನ್ನು ತಂದು ಶೇಖರಿಸಿಡುವ ಹಾಗೂ ಇಲ್ಲ, ಒಳ್ಳೆಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೂ ದಿನದಿನಕ್ಕೂ ಸವೆಯುತ್ತದೆ. ಹಳೆಯ ಕಾಳು ತೇವ ಹೀರಿ ಮಂಕಾಗಿ, ಹೊಡೆತದ ಬಲ ಕಳೆದುಕೊಳ್ಳುತ್ತದೆ. ಕಾರು ಬಿಚ್ಚಿ ಸಿದ್ಧವಾದ ದಿನವೇ ಐಸು ತರಿಸುವುದು ಅನುಭವಸ್ಥರ ಪದ್ಧತಿ.

ನಾಜಲನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಕಾಗದದ ಚೀಟಿ ಕಿತ್ತುಬರಬಹುದು; ಹಳೆಯ ರಬ್ಬರ್ ಕೊಳವೆ, ವೈರಿನ ಹೊದಿಕೆ ಚಳಿಗೆ ಸಿಡಿಯಬಹುದು. ಗಾಜಿನ ಹತ್ತಿರ ಹೋಗದಿರುವುದೇ ಕ್ಷೇಮ. ಒಣಗಾಳಿಯ ಹರಿವಿನಿಂದ ಸ್ಥಿರ ವಿದ್ಯುತ್ ಹುಟ್ಟುವುದರಿಂದ ಕಾರಿಗೂ ಯಂತ್ರಕ್ಕೂ ಅರ್ಥಿಂಗ್ ಕೊಡಬೇಕು, ಪೆಟ್ರೋಲ್ ಟ್ಯಾಂಕನ್ನು ಮೊದಲೇ ಇಳಿಸಿಡಬೇಕು. ಸದ್ದು 100 ಡೆಸಿಬೆಲ್ ದಾಟುವುದು ಸಾಮಾನ್ಯ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಗವಸು ತಪ್ಪಿಸುವಂತಿಲ್ಲ.

ಇದಕ್ಕೆಲ್ಲ ಮೀರಿದ ಅಪಾಯ ಕಣ್ಣಿಗೆ ಕಾಣದ್ದು. ಒಂದು ಕಿಲೊ ಡ್ರೈ ಐಸ್ ಸುಮಾರು 540 ಲೀಟರ್ ಅನಿಲವಾಗುತ್ತದೆ. ನಿಮಿಷಕ್ಕೆ ಅರ್ಧ ಕಿಲೊ ಬಳಸುವ ಯಂತ್ರ ಗಂಟೆಗೆ 16 ಘನಮೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಗ್ಯಾರೇಜಿನ ಬಾಗಿಲು ಮುಚ್ಚಿದ್ದು, ಕಂಪ್ರೆಸರ್ ಅದೇ ಕೋಣೆಯ ಗಾಳಿಯನ್ನು ಎಳೆಯುತ್ತಿದ್ದರೆ ಒಂದು ಗಂಟೆಯಲ್ಲಿ ಗಾಳಿಯ ಶೇ. 15ಕ್ಕೂ ಹೆಚ್ಚು ಪಾಲು ಈ ಅನಿಲವೇ ಆಗುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಸುರಕ್ಷಿತವೆಂದು ಒಪ್ಪಿರುವ ಮಿತಿ ಶೇ. 0.5, ಶೇ. 4 ಎಂದರೆ ಪ್ರಾಣಕ್ಕೇ ಕುತ್ತು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಕಾರಿನ ತಳ ನೋಡಲು ತೋಡಿರುವ ಗುಂಡಿಯೊಳಗೆ ನಿಂತು ಈ ಕೆಲಸ ಮಾಡುವುದು ಆತ್ಮಹತ್ಯೆಗೆ ಸಮ. ಧೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. ಲಿಫ್ಟಿನ ಮೇಲೆ, ಎರಡೂ ಕಡೆ ತೆರೆದ ಜಾಗದಲ್ಲಿ, ಅನಿಲಮಾಪಕ ಇಟ್ಟುಕೊಂಡು ಮಾಡಬೇಕಾದ ಕೆಲಸ ಇದು. ಉಳಿದ ಐಸನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಡಬ್ಬಿ ಸಿಡಿಯುತ್ತದೆ, ಕಿಟಕಿ ಮುಚ್ಚಿದ ಕಾರಿನಲ್ಲಿ ಸಾಗಿಸಿದರೆ ಓಡಿಸುವವನೇ ಉಸಿರುಗಟ್ಟಿ ಸಾಯಬಹುದು.

ಶುಚಿಯಾದ ತಳವನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವಂತಿಲ್ಲ. ತಣ್ಣಗಾದ ತಗಡಿನ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ. ಮಂಗಳೂರಿನ ಮಳೆಗಾಲದಂಥ ಹವೆಯಲ್ಲಾದರೆ ಬರಿ ಉಕ್ಕಿಗೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಹಿಡಿಯತೊಡಗುತ್ತದೆ. ಕೊಳೆಯ ಜೊತೆ ರಕ್ಷಣೆಯ ಮೇಣವೂ ಹೋಗಿರುತ್ತದೆ. ತಗಡು ಕೋಣೆಯ ಬಿಸಿಗೆ ಮರಳಿದ ಮೇಲೆ ಚೆನ್ನಾಗಿ ಒಣಗಿಸಿ, ಕಂಡ ತುಕ್ಕನ್ನು ಉಜ್ಜಿ, ಬರಿ ಲೋಹಕ್ಕೆ ಸತುವಿನ ಪ್ರೈಮರ್ ಕೊಟ್ಟು, ಉಳಿದ ಭಾಗಕ್ಕೆ ಪಾರದರ್ಶಕ ಮೇಣ ಹಚ್ಚುತ್ತಾರೆ. ಕಪ್ಪು ಲೇಪ ಬಳಿದರೆ ಬಯಲಿಗೆ ತಂದ ಗುರುತುಗಳೆಲ್ಲ ಮತ್ತೆ ಮುಚ್ಚಿಹೋಗುತ್ತವೆ, ಹೊಸ ತುಕ್ಕು ಶುರುವಾದರೂ ಕಾಣುವುದಿಲ್ಲ.