ಒಣದ್ರಾಕ್ಷಿಯ ಋಣ

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ, ಉತ್ತರ ಸಮುದ್ರದ ಶೀತಲ ಮಾರುತಕ್ಕೆ ಮೈಯೊಡ್ಡಿ ನಿಂತಿರುವ ಸೇಂಟ್ ಆಂಡ್ರೂಸ್ ಎಂಬ ಪುಟ್ಟ ಪಟ್ಟಣವನ್ನು ಗಾಲ್ಫ್ ಕ್ರೀಡೆಯ ತವರೆಂದು ಲೋಕವೆಲ್ಲ ಬಲ್ಲುದು. ಆದರೆ 1413ರಲ್ಲಿ ಪೋಪನ ಶಾಸನದಿಂದ ಮಾನ್ಯತೆ ಪಡೆದ ಅಲ್ಲಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಶರತ್ಕಾಲದಲ್ಲಿ ಆಚರಿಸುವ ‘ರೇಸಿನ್ ಮಂಡೇ’, ಎಂದರೆ ಒಣದ್ರಾಕ್ಷಿಯ ಸೋಮವಾರ, ಹೊರಗಿನವರ ಕಿವಿಗೆ ಬೀಳುವುದು ಬಹುಮಟ್ಟಿಗೆ ಕುಡಿತದ ಮತ್ತು ಗದ್ದಲದ ಅಪಕೀರ್ತಿಯಿಂದಲೇ. ಇಂತಹ ಆಚಾರವು ಉಳಿಯತಕ್ಕದ್ದೇ ಎಂದು ಕೇಳಿದರೆ, ಉಳಿಯಲೇಬೇಕೆಂಬುದು ನನ್ನ ಅಭಿಪ್ರಾಯ.

ಹೊಸದಾಗಿ ಸೇರಿದ ವಿದ್ಯಾರ್ಥಿಯನ್ನು ಮೇಲಿನ ತರಗತಿಯವರು ಮಗನೆಂದೋ ಮಗಳೆಂದೋ ಸ್ವೀಕರಿಸಿ, ತಾವು ತಂದೆತಾಯಿಗಳ ಸ್ಥಾನದಲ್ಲಿ ನಿಂತು, ಊರಿನ ಮತ್ತು ವಿದ್ಯಾಲಯದ ರೀತಿನೀತಿಗಳನ್ನು ತಿಳಿಯಹೇಳುವುದು ಅಲ್ಲಿಯ ಸಂಪ್ರದಾಯ. ಓಟ್ಸ್ ಹಿಟ್ಟಿನ ಚೀಲವನ್ನೂ ಉಪ್ಪು ಹಾಕಿದ ಹೆರಿಂಗ್ ಮೀನಿನ ಪೀಪಾಯಿಯನ್ನೂ ಮನೆಯಿಂದ ಹೊತ್ತು ತಂದು ಅವಧಿಯನ್ನೆಲ್ಲ ಅದರಲ್ಲಿಯೇ ಕಳೆಯುತ್ತಿದ್ದರೆಂದು ಹೇಳಲಾಗುವ ಹಿಂದಿನ ಬಡ ವಿದ್ಯಾರ್ಥಿಗಳಿಗೆ, ದೂರದೇಶದಿಂದ ಬರುತ್ತಿದ್ದ ಒಣದ್ರಾಕ್ಷಿಯು ಅಪರೂಪದ ಭೋಗವಸ್ತು. ಈ ಉಪಕಾರಕ್ಕಾಗಿ ಹೊಸಬನು ಹಿರಿಯರಿಗೆ ಅಂಥದ್ದರಲ್ಲಿ ಒಂದು ಪೌಂಡನ್ನು ಕಾಣಿಕೆಯಾಗಿ ಕೊಡುವುದೆಂದರೆ ಅದು ನಿಜವಾದ ಕೃತಜ್ಞತೆಯೇ ಸರಿ. ಕಾಲಾಂತರದಲ್ಲಿ ದ್ರಾಕ್ಷಿಯ ಸ್ಥಾನವನ್ನು ದ್ರಾಕ್ಷಾರಸದ ಶೀಷೆ ಆಕ್ರಮಿಸಿತು. ಕೆಡುಕು ಹೊಕ್ಕದ್ದು ಆ ಬಾಗಿಲಿನಿಂದ.

ಕಾಣಿಕೆಗೆ ಪ್ರತಿಯಾಗಿ ಹಿರಿಯರು ಕೊಡುವ ರಸೀದಿಯೇ ಈ ಉತ್ಸವದ ಜೀವ. ಅದನ್ನು ಲ್ಯಾಟಿನ್ ಭಾಷೆಯಲ್ಲಿಯೇ ಬರೆಯತಕ್ಕದ್ದು. ಪುರಾತನವಾದ ಈ ವಿದ್ಯಾಸಂಸ್ಥೆಯವನಾದ ನಾನು ಇಂಥ ಹೊಸಬನಿಂದ ಒಂದು ಪೌಂಡು ಒಣದ್ರಾಕ್ಷಿಯನ್ನು ಪಡೆದು ಉಪಕೃತನಾಗಿದ್ದೇನೆ ಎಂಬ ಧಾಟಿಯ ಒಕ್ಕಣೆ ಅದರಲ್ಲಿರುತ್ತದೆ. ಕಾಗದದ ಮೇಲೆಯೇ ಬರೆಯಬೇಕೆಂಬ ನಿರ್ಬಂಧವಿಲ್ಲದ್ದರಿಂದ, ಹೊರಲು ತ್ರಾಸವೂ ನೋಡಲು ನಗೆಯೂ ಬರುವಂಥ ವಸ್ತುವನ್ನು ಹುಡುಕಿ ತಂದು, ಅದರ ಮೇಲೆ ಬರೆದು, ವಿಚಿತ್ರ ವೇಷ ತೊಡಿಸಿ, ಸೋಮವಾರದ ಬೆಳಗ್ಗೆ ಮಕ್ಕಳನ್ನು ಸೇಂಟ್ ಸಾಲ್ವೇಟರ್ ಕಾಲೇಜಿನ ಕಡೆಗೆ ಕಳುಹಿಸುತ್ತಾರೆ. ಎದುರಾದ ಹಿರಿಯ ವಿದ್ಯಾರ್ಥಿಯು ರಸೀದಿಯನ್ನು ತಡೆದು ಪರೀಕ್ಷಿಸಬಹುದು; ವಿಭಕ್ತಿಯೋ ಲಿಂಗವೋ ತಪ್ಪಿದೆಯೆಂದು ಕಂಡುಬಂದರೆ, ಮತ್ತು ಈ ಕಾಲದಲ್ಲಿ ತಪ್ಪದಿರುವುದು ದುರ್ಲಭ, ಹೊತ್ತವನು ನಿಂತಲ್ಲಿಯೇ ವಿದ್ಯಾರ್ಥಿಗಳ ಹಳೆಯ ಲ್ಯಾಟಿನ್ ಹಾಡು ‘ಗೌದೆಆಮುಸ್’ ಅನ್ನು ಹಾಡಬೇಕು. ತಪ್ಪು ಬರೆದವನು ತಂದೆ, ದಂಡ ತೆರುವವನು ಮಗ. ಲ್ಯಾಟಿನ್ ಬಾರದ ಪೀಳಿಗೆಯೊಂದು ವರ್ಷಕ್ಕೊಂದು ದಿನವಾದರೂ ಆ ಭಾಷೆಯ ವ್ಯಾಕರಣಕ್ಕಾಗಿ ಬೀದಿಯಲ್ಲಿ ವಾದಿಸುವುದು ನನಗೆ ಬಹು ಪ್ರಿಯವಾದ ಸಂಗತಿ.

ಕೊನೆಯಲ್ಲಿ ಕ್ಷೌರದ ನೊರೆಯನ್ನು ಪರಸ್ಪರ ಎರಚಿಕೊಳ್ಳುವ ಓಕುಳಿ. ಕಾಲೇಜಿನ ಅಂಗಳದಲ್ಲಿ ನಡೆಯುತ್ತಿದ್ದ ಇದನ್ನು 2014ರಲ್ಲಿ ಪಕ್ಕದ ಹುಲ್ಲುಮೈದಾನಕ್ಕೆ ಸ್ಥಳಾಂತರಿಸಿದರು, ಯುಕ್ತವಾದ ಕ್ರಮ.

ನಮ್ಮಲ್ಲಿ ರ್‍ಯಾಗಿಂಗ್ ಎಂಬ ಪಿಡುಗನ್ನು ಕರ್ನಾಟಕದ 1983ರ ಶಿಕ್ಷಣ ಕಾಯಿದೆಯೇ ಅಪರಾಧವೆಂದು ಪರಿಗಣಿಸಿರುವಾಗ, ಹೊಸಬರಿಗೆ ವೇಷ ಹಾಕಿಸುವ ಪದ್ಧತಿಯನ್ನು ಕುರಿತು ಕನ್ನಡದ ಓದುಗರಿಗೆ ಶಂಕೆ ಮೂಡುವುದು ಸಹಜವೂ ನ್ಯಾಯವೂ ಆಗಿದೆ. ಒಲ್ಲೆನೆಂದವನನ್ನು ಬಲಾತ್ಕರಿಸಿದ ಕ್ಷಣವೇ ಇದು ಅದೇ ಪಿಡುಗಾಗುತ್ತದೆ. ಆದರೆ ಅಪಾಯವಿರುವುದು ಹಾಡಹಗಲಿನ ಸೋಮವಾರದಲ್ಲಿ ಅಲ್ಲ. ತಾಯಿಯ ಮನೆಯ ಚಹಾಕೂಟ ಮುಗಿದು ತಂದೆಯ ಮುಂದಾಳ್ತನದಲ್ಲಿ ಕುಡಿತ ಆರಂಭವಾಗುವ ಭಾನುವಾರದ ಸಂಜೆಯಲ್ಲಿ. ಎಲ್ಲರ ಕಣ್ಣೆದುರಿನ ಆಟವನ್ನು ನಿಷೇಧಿಸಿದರೆ ಮುಚ್ಚಿದ ಬಾಗಿಲಿನ ಹಿಂದಿನ ಮದ್ಯವೇನೂ ನಿಲ್ಲದು. ಪರವೂರಿನಿಂದ ಬಂದು ಒಂಟಿಯಾದ ಹದಿನೆಂಟರ ಹುಡುಗಿಗೆ ಅಕ್ಕರೆಯಿಂದ ವಿಚಾರಿಸುವ ಮನೆಯೊಂದು ಇಲ್ಲವಾಗುತ್ತದೆ, ಅಷ್ಟೆ. ಇಂದು ಮಗಳಾದವಳೇ ಒಂದೆರಡು ವರ್ಷ ಕಳೆದ ಮೇಲೆ ತಾಯಿಯಾಗಿ, ತಾನು ಕಂಡದ್ದನ್ನೇ ಮುಂದಿನವರಿಗೆ ಮಾಡುವಳಾದ್ದರಿಂದ, ಶೀಷೆಯನ್ನು ಬದಿಗಿಟ್ಟು ಮತ್ತೆ ಒಂದು ಪೌಂಡು ದ್ರಾಕ್ಷಿಯನ್ನೇ ಕೇಳಿ ಪಡೆಯುವ ಕೆಲವು ಸಂಸಾರಗಳು ಈಗ ಹುಟ್ಟಿಕೊಂಡರೂ ಸಾಕು, ಒಂದೇ ವಿದ್ಯಾರ್ಥಿಪೀಳಿಗೆಯಲ್ಲಿ ಭಾನುವಾರದ ರೀತಿ ಬದಲಾದೀತು.