50ಕ್ಕೆ 30 ಸೇರಿದರೆ 70: ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯದ ಲೆಕ್ಕ

50ಕ್ಕೆ 30 ಕೂಡಿಸಿದರೆ ಎಷ್ಟು? ನಾವೆಲ್ಲ 80 ಎನ್ನುತ್ತೇವೆ. ಆದರೆ ಅಮೆರಿಕದಲ್ಲಿ ಮಾಜಿ ಸೈನಿಕರ ವ್ಯವಹಾರ ನೋಡಿಕೊಳ್ಳುವ ವಿಎ ಎಂಬ ಸರ್ಕಾರಿ ಇಲಾಖೆ 70 ಎನ್ನುತ್ತದೆ. ಇದು ತಪ್ಪು ಲೆಕ್ಕವಲ್ಲ, ಮೋಸವೂ ಅಲ್ಲ. ಇದರ ಹಿಂದೆ ಒಂದು ನಿಯಮವಿದೆ. ಕಾಮರ್ಸ್ ಓದುವವರಿಗೆ ಅದು ಬೇಗ ಅರ್ಥವಾಗುತ್ತದೆ. ಅದನ್ನು ತಿಳಿಯದ ಮಾಜಿ ಸೈನಿಕನಿಗೆ ಮಾತ್ರ ಪ್ರತಿ ತಿಂಗಳೂ ನಷ್ಟವಾಗಬಹುದು.

ಈ ಶೇಕಡಾ ಏನನ್ನು ಹೇಳುತ್ತದೆ?

ಸೇವೆಯಲ್ಲಿದ್ದಾಗ ಆದ ಗಾಯಕ್ಕೆ ಅಥವಾ ಬಂದ ಕಾಯಿಲೆಗೆ ವಿಎ 0ಯಿಂದ 100ರವರೆಗೆ, ಹತ್ತು ಹತ್ತರ ಹೆಜ್ಜೆಯಲ್ಲಿ ರೇಟಿಂಗ್ ಕೊಡುತ್ತದೆ. ಅಂಥ ಕಾಯಿಲೆ ಇರುವವರ ದುಡಿಯುವ ಶಕ್ತಿ ಸರಾಸರಿ ಎಷ್ಟು ಕುಂದುತ್ತದೆ ಎಂಬುದು ಇದರ ಆಧಾರ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರತಿ ತಿಂಗಳು ಪರಿಹಾರ ಸಿಗುತ್ತದೆ, ಅದಕ್ಕೆ ತೆರಿಗೆ ಇಲ್ಲ. 2025ರ ದರದ ಪ್ರಕಾರ ಅವಲಂಬಿತರಿಲ್ಲದ ಒಬ್ಬರಿಗೆ ಶೇಕಡಾ 10ಕ್ಕೆ 175.51 ಡಾಲರ್, 50ಕ್ಕೆ 1,102.04 ಡಾಲರ್, 90ಕ್ಕೆ 2,297.96 ಡಾಲರ್, 100ಕ್ಕೆ 3,831.30 ಡಾಲರ್. 90ರಿಂದ 100ಕ್ಕೆ ಒಂದೇ ಹೆಜ್ಜೆ, ಆದರೆ ಹಣದಲ್ಲಿ 1,500 ಡಾಲರ್ ಮೀರಿದ ವ್ಯತ್ಯಾಸ.

0 ಬಂದವರಿಗೆ ಹಣವಿಲ್ಲ. ಆದರೂ ಕಾಯಿಲೆ ಸೇವೆಗೆ ಸಂಬಂಧಿಸಿದ್ದು ಎಂದು ಇಲಾಖೆ ಒಪ್ಪಿದಂತಾಯಿತು. ಮುಂದೆ ಅದು ಹೆಚ್ಚಾದರೆ ಈ ಒಪ್ಪಿಗೆ ಕೆಲಸಕ್ಕೆ ಬರುತ್ತದೆ.

ಲೆಕ್ಕ ಬಾಕಿಯ ಮೇಲೆ

ಉರ್ದುವಿನಲ್ಲೂ ಕನ್ನಡದಲ್ಲೂ ಇರುವ ಒಂದು ಪದ ‘ಬಾಕಿ’. ಈ ಲೆಕ್ಕದ ಗುಟ್ಟು ಆ ಪದದಲ್ಲೇ ಇದೆ. ಅಕೌಂಟೆನ್ಸಿಯಲ್ಲಿ ನಾವು ಕಲಿತ ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯನ್ನು ನೆನಪಿಸಿಕೊಳ್ಳಿ. 1,00,000 ರೂಪಾಯಿಯ ಯಂತ್ರಕ್ಕೆ ಶೇಕಡಾ 20 ಸವಕಳಿ ಎಂದರೆ ಮೊದಲ ವರ್ಷ 20,000. ಎರಡನೇ ವರ್ಷ ಮತ್ತೆ 20,000 ಅಲ್ಲ. ಉಳಿದ 80,000ದ ಮೇಲೆ 16,000 ಮಾತ್ರ.

ವಿಎ ಲೆಕ್ಕವೂ ಹೀಗೆಯೇ. ಆರೋಗ್ಯವಂತ ಮನುಷ್ಯ 100. ದೊಡ್ಡ ರೇಟಿಂಗ್ ಮೊದಲು ತೆಗೆದುಕೊಳ್ಳಬೇಕು. 50 ಹೋದರೆ ಬಾಕಿ 50. ಎರಡನೇ ಕಾಯಿಲೆಯ ಶೇಕಡಾ 30 ಈ ಬಾಕಿಯ ಮೇಲೆ ಬೀಳುತ್ತದೆ, ಅಂದರೆ 15. ಒಟ್ಟು 65. ಕೊನೆಯಲ್ಲಿ ಹತ್ತಿರದ ಹತ್ತಕ್ಕೆ ರೌಂಡ್ ಆಫ್ ಮಾಡುತ್ತಾರೆ, 5 ಬಂದರೆ ಮೇಲಕ್ಕೆ. ಹಾಗಾಗಿ 70.

ಇದೇ ವ್ಯಕ್ತಿಗೆ ಶೇಕಡಾ 10ರ ಮೂರನೇ ಕಾಯಿಲೆ ಸೇರಿತು ಎನ್ನೋಣ. 65 ಇದ್ದದ್ದು 68.5 ಆಗುತ್ತದೆ, ಅದನ್ನು 69 ಎಂದು ಹಿಡಿಯುತ್ತಾರೆ. ರೌಂಡ್ ಆಫ್ ಮಾಡಿದರೆ ಮತ್ತೆ 70. ಕಾಯಿಲೆ ಹೆಚ್ಚಿತು, ಹಣ ಹೆಚ್ಚಲಿಲ್ಲ. ಮೇಲೆ ಹೋದಷ್ಟೂ ಇದು ಕಷ್ಟ. ಒಟ್ಟು ಸರಿಯಾಗಿ 90 ಇರುವವರಿಗೆ ಇನ್ನೊಂದು 10 ಬಂದರೆ 91 ಆಗುತ್ತದೆ ಅಷ್ಟೇ. 95 ಮುಟ್ಟಿ 100 ಎನಿಸಿಕೊಳ್ಳಲು ಇನ್ನೊಂದು 50 ಬೇಕು.

ಒಂದು ಕಾಯಿಲೆಯಿಂದ ಇನ್ನೊಂದು

ಎರಡನೇ ಕಾಯಿಲೆ ಸೇನೆಯಲ್ಲೇ ಬಂದಿರಬೇಕೆಂದಿಲ್ಲ. ಮೊದಲೇ ಒಪ್ಪಿಗೆಯಾದ ಕಾಯಿಲೆಯಿಂದ ಅದು ಹುಟ್ಟಿದ್ದರೂ ಸಾಕು. ಮಂಡಿ ಕೆಟ್ಟು ವರ್ಷಗಟ್ಟಲೆ ಕುಂಟುತ್ತಾ ನಡೆದವರಿಗೆ ಸೊಂಟ ಕೆಡಬಹುದು. ಆಗ ಸೊಂಟಕ್ಕೂ ಬೇರೆ ರೇಟಿಂಗ್ ಕೇಳಬಹುದು. ಮೊದಲಿನಿಂದಲೇ ಇದ್ದ ತೊಂದರೆ ಇದರಿಂದ ಹೆಚ್ಚಾಗಿದ್ದರೆ, ಹೆಚ್ಚಾದ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ವಿಯೆಟ್ನಾಂ ಯುದ್ಧದ ಉದಾಹರಣೆ ನೋಡೋಣ. ಅಲ್ಲಿ ಅಮೆರಿಕದ ಸೇನೆ ಕಾಡಿನ ಎಲೆ ಉದುರಿಸಲು ಏಜೆಂಟ್ ಆರೆಂಜ್ ಎಂಬ ರಾಸಾಯನಿಕ ಸಿಂಪಡಿಸಿತ್ತು. ವಿಯೆಟ್ನಾಂನಲ್ಲಿ ಸೇವೆ ಮಾಡಿದವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬಂದರೆ, ಅದು ಸೇವೆಯಿಂದ ಬಂದದ್ದು ಎಂದೇ ವಿಎ ಭಾವಿಸುತ್ತದೆ. ಮಾತ್ರೆ ಮತ್ತು ಪಥ್ಯದಲ್ಲಿರುವ ರೋಗಿಗೆ ಶೇಕಡಾ 20, ಅಂದರೆ 2025ರ ದರದಲ್ಲಿ ತಿಂಗಳಿಗೆ 346.95 ಡಾಲರ್.

ಕಾಲಕ್ರಮೇಣ ಸಕ್ಕರೆ ಕಾಯಿಲೆಯಿಂದ ನರಗಳು ಹಾಳಾಗಿ ಎರಡೂ ಕಾಲು ಜೋಮು ಹಿಡಿಯುತ್ತವೆ. ತೊಂದರೆ ಸಣ್ಣದಿದ್ದರೂ ಒಂದೊಂದು ಕಾಲಿಗೆ 10 ಸಿಗಬಹುದು. 10 ಮತ್ತು 10 ಸೇರಿ 19. ಎರಡೂ ಕಾಲಿಗೆ ತೊಂದರೆ ಇರುವುದರಿಂದ ಆ 19ರ ಹತ್ತನೇ ಒಂದು ಭಾಗ ಹೆಚ್ಚುವರಿಯಾಗಿ ಸೇರುತ್ತದೆ, ಸುಮಾರು 21 ಆಗುತ್ತದೆ. 21ರ ಬಾಕಿ 79ರ ಮೇಲೆ ಸಕ್ಕರೆ ಕಾಯಿಲೆಯ 20 ಹಾಕಿದರೆ ಒಟ್ಟು 37, ರೌಂಡ್ ಆಫ್ ಮಾಡಿ 40. 2025ರ ದರದಲ್ಲಿ ಅದಕ್ಕೆ 774.16 ಡಾಲರ್. ಕಾಲಿನ ಜೋಮನ್ನು ‘ವಯಸ್ಸಾಯಿತು’ ಎಂದು ಸುಮ್ಮನೆ ಬಿಟ್ಟವರು ಆ ದರದಲ್ಲಿ ತಿಂಗಳಿಗೆ 427.21 ಡಾಲರ್ ಬಿಟ್ಟಂತೆ.

ಆದರೆ ಬಾಯಿಮಾತು ಸಾಲದು. ಮೊದಲ ಕಾಯಿಲೆಗೂ ಎರಡನೆಯದಕ್ಕೂ ಸಂಬಂಧವಿದೆ ಎಂದು ವೈದ್ಯರ ಅಭಿಪ್ರಾಯ ಬೇಕಾಗುತ್ತದೆ. ಪೂರ್ತಿ ಖಚಿತವಾಗಿರಬೇಕಿಲ್ಲ. ಪರ ಮತ್ತು ವಿರುದ್ಧದ ಸಾಕ್ಷ್ಯ ಸಮವಾಗಿ ತೂಗಿದರೆ ಸಂದೇಹದ ಲಾಭ ಸೈನಿಕನಿಗೇ ಸಿಗುತ್ತದೆ. ಒಂದೇ ತೊಂದರೆಗೆ ಎರಡು ಹೆಸರಿಟ್ಟು ಎರಡು ಸಲ ರೇಟಿಂಗ್ ಪಡೆಯಲು ಮಾತ್ರ ಅವಕಾಶವಿಲ್ಲ.

ನಮ್ಮಲ್ಲಿಯೂ ಇದೆ

ಇದು ಸೈನಿಕರ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಶೇಕಡಾ 40 ಒಂದು ಮುಖ್ಯ ಗಡಿ. ಅದನ್ನು ಮುಟ್ಟಿದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೂ ಬಾಕಿಯ ಸೂತ್ರವೇ ಇತ್ತು. ಆದರೆ ಅಲ್ಲಿ 100ರ ಬದಲು 90. 30 ಮತ್ತು 20 ಇದ್ದರೆ, 90ರಿಂದ 30 ಕಳೆದು ಬಾಕಿ 60. ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 13. 30ಕ್ಕೆ ಸೇರಿಸಿದರೆ 43. ಬಿಡಿಬಿಡಿಯಾಗಿ 40 ಮುಟ್ಟದ ಎರಡು ತೊಂದರೆಗಳು ಸೇರಿ ಗಡಿ ದಾಟಿದವು.

ಆದ್ದರಿಂದ ನಮ್ಮಲ್ಲಿ ಯಾರಾದರೂ, ಅಥವಾ ನಮ್ಮ ಮನೆಯವರು, ಪ್ರಮಾಣಪತ್ರಕ್ಕೆ ಹೋದಾಗ ಎರಡನೇ ತೊಂದರೆಯನ್ನೂ ವೈದ್ಯರಿಗೆ ಹೇಳಬೇಕು, ಅದರ ಕಾಗದಗಳನ್ನೂ ಒಯ್ಯಬೇಕು. ಹೇಳದೆ ಉಳಿದ ತೊಂದರೆಗೆ ಯಾವ ದೇಶದ ಸೂತ್ರವೂ ಅಂಕ ಕೊಡುವುದಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ