ಗೋಲಿನ ಬಾಗಿಲಿನಿಂದ ಆಡಳಿತದ ಮೇಜಿಗೆ

ಕಾಲ್ಚೆಂಡಾಟದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯ ಹೆಸರನ್ನು ಪ್ರೇಕ್ಷಕರು ಗೋಲು ಹೊಡೆದಾಗ ಕೂಗುವರು; ಹನ್ನೊಂದನೆಯವನ ಹೆಸರು ಗೋಲು ಬಿದ್ದಾಗ ಮಾತ್ರ ಅವರ ಬಾಯಿಗೆ ಬರುವುದು. ಎಂಟು ಗಜ ಅಗಲ, ಎಂಟು ಅಡಿ ಎತ್ತರದ ಬಾಗಿಲನ್ನು ಒಬ್ಬನೇ ಕಾಯುವ ಈ ಗೋಲ್‌ಕೀಪರನು ವಯಸ್ಸು ಮೂವತ್ತೈದು ದಾಟಿ ಮೈ ಬಗ್ಗದಾದಾಗ ಏನು ಮಾಡುತ್ತಾನೆ? ಪಗಾರವನ್ನು ನೆಚ್ಚಿ ಈ ಮಹಾನಗರದಲ್ಲಿ ಬದುಕುವ ನಮ್ಮ ಓದುಗರಿಗೆ ಇದು ಕೇವಲ ಆಟದ ಪ್ರಶ್ನೆಯೆಂದು ತೋರಲಾರದು.

ನಮ್ಮವರಿಂದಲೇ ಆರಂಭಿಸೋಣ. ಸ್ವತಂತ್ರ ಭಾರತವು ಮೊದಲ ಬಾರಿಗೆ ಒಲಿಂಪಿಕ್ ಕಾಲ್ಚೆಂಡಾಟಕ್ಕೆ ಇಳಿದದ್ದು 1948ರಲ್ಲಿ, ಲಂಡನ್ನಿನಲ್ಲಿ. ಫ್ರಾನ್ಸಿನೆದುರು 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಕಾಯ್ದವರು ಬೆಂಗಳೂರಿನ ಕೆಂಚಪ್ಪ ವರದರಾಜರು. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಲ್ಲಿ ಆಡಿದರು. ದೊರೆತ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡರು. ಬರಿಗಾಲಿನ ಕಥೆ ಇಂದಿಗೂ ಜನರ ಬಾಯಲ್ಲಿದೆ. ಕೊನೆಯ ನಿಮಿಷಗಳವರೆಗೆ ಫ್ರಾನ್ಸನ್ನು ಒಂದೇ ಗೋಲಿಗೆ ತಡೆದು ನಿಲ್ಲಿಸಿದ ಕೈಗಳ ಕಥೆಯನ್ನು ಕೇಳಿದವರು ಕಡಿಮೆ.

ಇನ್ನು ಮುಂಬಯಿಯ ಮಾತು. ನಮ್ಮ ಉಡುಪಿ ಹೋಟೇಲುಗಳ ತವರೆನಿಸಿದ ಮಾಟುಂಗದಲ್ಲಿ ಆಟ ಕಲಿತವರು ಎಸ್. ಎಸ್. ನಾರಾಯಣ್. ಕೇರಳದ ಒಟ್ಟಪಾಲದಲ್ಲಿ ಹುಟ್ಟಿದ ಇವರು ಕಾಲ್ಟೆಕ್ಸ್ ಎಣ್ಣೆ ಕಂಪನಿಯ ತಂಡದ ಗೋಲು ಕಾಯ್ದರು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಿಗೆ ಹೋದ ಭಾರತ ತಂಡದಲ್ಲಿದ್ದರು. ಮೆಲ್ಬರ್ನಿನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. 2021ರ ಆಗಸ್ಟಿನಲ್ಲಿ ಠಾಣೆಯಲ್ಲಿ ಅವರು ತೀರಿಕೊಂಡಾಗ, ಪಕ್ಕದ ಬೀದಿಯಲ್ಲಿ ಒಬ್ಬ ಒಲಿಂಪಿಕ್ ಆಟಗಾರನಿದ್ದನೆಂಬುದನ್ನು ಎಷ್ಟೋ ಮಂದಿ ಮೊದಲ ಬಾರಿಗೆ ಅರಿತರು.

ಕಾಲ್ಟೆಕ್ಸ್, ಟಾಟಾ, ಮಫತ್‌ಲಾಲ್, ಓರ್ಕೆ ಮಿಲ್ಸ್, ಏರ್ ಇಂಡಿಯಾ, ಮಹೀಂದ್ರಾ: ಮುಂಬಯಿಯ ಕಾಲ್ಚೆಂಡಾಟವು ಬಹುಕಾಲ ಇಂತಹ ಕಂಪನಿಗಳ ಆಶ್ರಯದಲ್ಲಿಯೇ ಬೆಳೆಯಿತು. ಆಟಗಾರನಿಗೆ ನೌಕರಿ ಇರುತ್ತಿತ್ತು. ಆಟ ನಿಂತ ಮರುದಿನವೂ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತಿತ್ತು. ಗುಮಾಸ್ತೆಯ ಮೇಜಿನೆದುರು ಕುಳಿತ ಎಷ್ಟೋ ಮಂದಿ ಒಂದು ಕಾಲದಲ್ಲಿ ಕೂಪರೇಜ್ ಮೈದಾನದ ವೀರರಾಗಿದ್ದವರೇ. ಇದನ್ನು ಹಗುರಾಗಿ ಕಾಣುವವರುಂಟು. ನಾವು ಹಾಗೆ ಕಾಣಲಾರೆವು.

ಆಟದಿಂದ ಶಿಕ್ಷಣಕ್ಕೆ ಸಾಗಿದವರಲ್ಲಿ ಪೀಟರ್ ತಂಗರಾಜರ ಬಾಳು ವಿವರವಾಗಿ ಹೇಳತಕ್ಕದ್ದು. ಹೈದರಾಬಾದಿನಲ್ಲಿ 1935ರಲ್ಲಿ ಹುಟ್ಟಿದ ಇವರು ಮೊದಲು ಆಡುತ್ತಿದ್ದುದು ಮುಂಚೂಣಿಯಲ್ಲಿ, ಗೋಲು ಹೊಡೆಯುವವರಾಗಿ! ಸೈನ್ಯಕ್ಕೆ ಸೇರಿ ಮದ್ರಾಸ್ ರೆಜಿಮೆಂಟಲ್ ಸೆಂಟರಿನ ಗೋಲು ಕಾದರು. ಆ ತಂಡ 1955 ಮತ್ತು 1958ರಲ್ಲಿ ಡ್ಯೂರಾಂಡ್ ಕಪ್ ಗೆದ್ದಿತು. ಅನಂತರ ಕಲ್ಕತ್ತೆಯ ಮೂರು ದೊಡ್ಡ ತಂಡಗಳಿಗೂ ಆಡಿದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. 1967ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಆಟ ಮುಗಿದ ಮೇಲೆ ಬೊಕಾರೊ ಉಕ್ಕಿನ ಕಾರ್ಖಾನೆಯ ಊರಿಗೆ ಹೋಗಿ ಹುಡುಗರಿಗೆ ಆಟ ಕಲಿಸುತ್ತ ನೆಲೆಸಿದರು. 2008ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ.

ಗೋಲ್‌ಕೀಪರನಿಗೆ ಕಲಿಸುವ ಕೆಲಸವೇಕೆ ಒಗ್ಗುತ್ತದೆ ಎಂಬುದಕ್ಕೆ ನಮ್ಮ ಹಳೆಯ ಕಸುಬಿನಿಂದಲೇ ಒಂದು ಉದಾಹರಣೆ ಕೊಡುವೆವು. ಹೋಟೇಲಿನಲ್ಲಿ ಮಾಣಿಗೆ ತನ್ನ ನಾಲ್ಕು ಮೇಜು ಕಾಣುತ್ತದೆ, ಭಟ್ಟರಿಗೆ ಒಲೆ ಕಾಣುತ್ತದೆ; ಎಲ್ಲವೂ ಒಟ್ಟಿಗೆ ಕಾಣುವುದು ಗಲ್ಲಾದಲ್ಲಿ ಕುಳಿತವನಿಗೆ. ಮೈದಾನದಲ್ಲಿ ಆ ಗಲ್ಲಾ ಗೋಲ್‌ಕೀಪರನದು. ಇಪ್ಪತ್ತೊಂದು ಮಂದಿಯೂ ಅವನ ಕಣ್ಣೆದುರಿನಲ್ಲಿ ಚಲಿಸುತ್ತಾರೆ. ಯಾರು ಎಲ್ಲಿ ತಪ್ಪಿ ನಿಂತರೆಂದು ಕೂಗಿ ಹೇಳುವುದೂ ಅವನ ಕೆಲಸವೇ.

1992ರಿಂದ ಈ ಕೆಲಸ ಇನ್ನೂ ಹೆಚ್ಚಿತು. ಸ್ವಪಕ್ಷದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಒದ್ದ ಚೆಂಡನ್ನು ಗೋಲ್‌ಕೀಪರನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಆ ವರ್ಷ ಬಂದಿತು. ಕೈಯ ಆಟಗಾರನು ಕಾಲಿನ ಆಟವನ್ನೂ ಕಲಿಯಬೇಕಾಯಿತು. ಇಂದು ಪ್ರತಿಯೊಂದು ದೊಡ್ಡ ತಂಡವೂ ಗೋಲ್‌ಕೀಪರರಿಗಾಗಿಯೇ ಪ್ರತ್ಯೇಕ ಶಿಕ್ಷಕನನ್ನಿಟ್ಟುಕೊಳ್ಳುತ್ತದೆ. ಎಂಬತ್ತರ ದಶಕದಲ್ಲಿ ಭಾರತದ ನಾಯಕರಾಗಿದ್ದ ಗೋವೆಯ ಬ್ರಹ್ಮಾನಂದ ಶಂಖವಾಳ್ಕರರು ಮುಂದೆ ಇದೇ ಶಿಕ್ಷಕವೃತ್ತಿಯನ್ನು ಹಿಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆಡಳಿತಕ್ಕೆ ಕಾಲಿಟ್ಟವರಲ್ಲಿ ನಮ್ಮ ನಗರದ ಹೆನ್ರಿ ಮೆನೆಜಿಸರನ್ನು ನೆನೆಯಬೇಕು. ಭಾರತದ ಗೋಲು ಕಾಯ್ದ ಇವರು ಮಹೀಂದ್ರಾ ತಂಡದ ವ್ಯವಸ್ಥೆಯಲ್ಲಿ ದುಡಿದು, ಮುಂದೆ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಶನ್ನಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು. ಅಖಿಲ ಭಾರತ ಸಂಸ್ಥೆಯ ಅಧ್ಯಕ್ಷಪದವಿಗೂ ಗೋಲ್‌ಕೀಪರನೊಬ್ಬ ಏರಿದ್ದುಂಟು. 2022ರ ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಕಲ್ಯಾಣ್ ಚೌಬೆಯವರು ಹೆಸರಾಂತ ಆಟಗಾರ ಭಾಯಿಚುಂಗ್ ಭುಟಿಯಾರನ್ನು 33-1 ಮತಗಳಿಂದ ಸೋಲಿಸಿದರು. ಗೋಲು ಕಾಯ್ದವರೆಲ್ಲರೂ ಒಳ್ಳೆಯ ಆಡಳಿತಗಾರರಾಗುವರೆಂದು ನಾವು ಹೇಳಲಾರೆವು. ಮತ ಎಣಿಸುವ ವಿದ್ಯೆಯೇ ಬೇರೆ, ಚೆಂಡು ಹಿಡಿಯುವ ವಿದ್ಯೆಯೇ ಬೇರೆ.

ಆದರೆ ಮೆನೆಜಿಸರಂಥವರು ಹತ್ತಿದ ಏಣಿಯೇ ಈಗ ಮುರಿದಿದೆ. 2005-06ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಮಹೀಂದ್ರಾ ತಂಡವನ್ನು 2010ರಲ್ಲಿ ಕಂಪನಿಯೇ ವಿಸರ್ಜಿಸಿತು. ಏರ್ ಇಂಡಿಯಾ ತಂಡವು 2013ರಲ್ಲಿ ಐ-ಲೀಗಿನಿಂದ ಹೊರಬಿದ್ದಿತು. 2014ರಲ್ಲಿ ಹುಟ್ಟಿದ ಮುಂಬಯಿ ಸಿಟಿಯಂತಹ ಹೊಸ ಕ್ಲಬ್ಬುಗಳು ಕೊಡುವುದು ಕರಾರು, ನೌಕರಿಯಲ್ಲ. ಅದರಲ್ಲಿಯೂ ಗೋಲ್‌ಕೀಪರನ ಪಾಡು ಕಠಿಣ. ಹತ್ತು ಸ್ಥಾನಗಳಿಗೆ ಇಪ್ಪತ್ತು ಮಂದಿ ಸರದಿಯಂತೆ ಆಡಿಯಾರು; ಬಾಗಿಲು ಮಾತ್ರ ಒಂದೇ. ಎರಡನೆಯ ಗೋಲ್‌ಕೀಪರನು ಇಡೀ ಋತುವನ್ನು ಬೆಂಚಿನ ಮೇಲೆಯೇ ಕಳೆಯುವುದುಂಟು.

ಕ್ರಾಸ್ ಮೈದಾನದಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್ನಿನ ನೆಲವಿದೆ. ಮಗನನ್ನು ಅಂತಹ ಮೈದಾನಗಳಿಗೆ ಕಳುಹಿಸುವ ತಂದೆತಾಯಿಗಳು ಇದಕ್ಕಾಗಿ ಆಟ ಬಿಡಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಶಿಕ್ಷಕರಿಗೆ ಈಗ ಹಂತಹಂತದ ಪ್ರಮಾಣಪತ್ರಗಳಿವೆ. ಮೇಲೇರುತ್ತ ಹೋಗುವ ಈ ಪರೀಕ್ಷೆಗಳ ಜೊತೆಗೆ ಗೋಲ್‌ಕೀಪರರಿಗೆ ಕಲಿಸುವವರಿಗೆ ಬೇರೆಯೇ ತರಗತಿಗಳುಂಟು. ಇವುಗಳಲ್ಲಿ ಆಡಿ ತೋರಿಸುವುದಷ್ಟೇ ಅಲ್ಲ, ಬರೆಯುವ ಕೆಲಸವೂ ಇದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗ ಇಲ್ಲಿ ತೊಡಕಿಗೆ ಬೀಳುವನು. ಆಡುತ್ತಿರುವಾಗಲೇ ಮೊದಲ ಹಂತವನ್ನು ಮುಗಿಸಿಟ್ಟುಕೊಳ್ಳುವುದು ಲೇಸು. ವಿವರಗಳನ್ನು ಕೂಪರೇಜಿನಲ್ಲಿರುವ ಅಸೋಸಿಯೇಶನ್ನಿನ ಕಚೇರಿಯಲ್ಲಿ ವಿಚಾರಿಸಬಹುದು.